ಮೂವತ್ತರಲ್ಲಿ ಹತ್ತೊಂಬತ್ತು

ವುಚ್: ನಮ್ಮ ಊರಿನ ಹೆಸರಿಗೆ ದೋಣಿ ಎಂದರ್ಥ.
ತೇಲಿಸಲು ನದಿ ಮಾತ್ರ ಇಲ್ಲ.
ಇದ್ದ ಹೊಳೆಯನ್ನು ಗಿರಣಿಯವರು
ಬೀದಿಯ ಕೆಳಗೆ ಹೂತು ನೂರು ವರ್ಷವಾಯಿತು.
ಈಗ ಗಿರಣಿಯೂ ಇಲ್ಲ. ನೂಲಿಗೆ ಬಣ್ಣ ಹಾಕುತ್ತಿದ್ದ ಕೋಣೆಯಲ್ಲಿ
ನನ್ನ ಅಚ್ಚಿನ ಯಂತ್ರ: ಎರಡು ಉರುಳೆ, ಒಂದು ಚಕ್ರ.
ಚಕ್ರಕ್ಕೆ ಆರು ಕೈ, ನನಗೆ ಎರಡೇ.

ಜನವರಿಯಲ್ಲಿ ಬಂದಳು ಬೋಗ್ನಾ ಸ್ಕೋವ್ರೋನ್.
ಎಪ್ಪತ್ತು ದಾಟಿದ ಹೆಂಗಸು, ಬಗಲಲ್ಲಿ ಸತುವಿನ ತಗಡು,
ಕೈಚೀಲದಲ್ಲಿ ಕೆಂಪು ನೂಲಿನ ಉಂಡೆ.
‘ಮೂವತ್ತು ತೆಗೆಯೋಣ, ಝೆನೋನ್. ಒಂದೂ ಹೆಚ್ಚಿಲ್ಲ.’
ಏನಿದು ಚಿತ್ರ ಎಂದು ನಾನು ಕೇಳುವುದಿಲ್ಲ.
ಕೇಳಿದವರಿಗೆ ಅವಳು ಕೊಡುವ ಉತ್ತರ ಗೊತ್ತು:
‘ನಿನ್ನ ಹಲ್ಲುನೋವು ಯಾವ ಆಕಾರ, ಮೊದಲು ಹೇಳು.’

ನಾನು ಕಂಡದ್ದು ಇಷ್ಟು:
ಒಂದು ಕಪ್ಪು, ಬಲಕ್ಕೆ ವಾಲಿದ್ದು;
ಅದರ ಮೈಗೆ ಒರಗಿದ, ನಿದ್ದೆ ಬಾರದ ಬೂದಿಬಣ್ಣ;
ಕೆಳಗೆ, ಉಂಡೆದ್ದ ತಟ್ಟೆಯಂತೆ, ಖಾಲಿ.

ಆ ಖಾಲಿಯೇ ಕಷ್ಟ.
ಮಸಿ ಬಳಿಯಲು ಮಗುವಿಗೂ ಬಂದೀತು,
ಒರೆಸುವುದಕ್ಕೆ ಇಪ್ಪತ್ತು ವರ್ಷ ಬೇಕು.
ಮೊದಲು ಗಂಜಿ ಹಾಕಿದ ಬಟ್ಟೆ, ಆಮೇಲೆ ಹಳೆಯ ಕಾಗದ,
ಕೊನೆಗೆ ಅಂಗೈ, ಬರಿಯ ಅಂಗೈ,
ಬೆವರಿದರೂ ಕೆಟ್ಟಿತು, ಒಡೆದಿದ್ದರೂ ಕೆಟ್ಟಿತು.
ಕೈ ಕೆಸರಾದರೆ ಬಾಯಿ ಮೊಸರಂತೆ!
ನನ್ನ ಕೈ ಮಸಿಯಾಗಿ ನಲವತ್ತು ವರ್ಷ,
ಬಾಯಿಗಿನ್ನೂ ಸಕ್ಕರೆಯಿಲ್ಲದ ಕರಿ ಚಹಾ.

ನೆನೆದ ಕಾಗದ ಹಾಸಿ, ಮೇಲೆ ಕಂಬಳಿ ಹೊದಿಸಿ
ಚಕ್ರ ಎಳೆದೆ. ಉರುಳೆ ನರಳಿತು.
ಮೂಲೆ ಹಿಡಿದು ಕಾಗದ ಎತ್ತುವಾಗ
ಹೆರಿಗೆಕೋಣೆಯ ಬಾಗಿಲಲ್ಲಿ ನಿಂತವರ ಹಾಗೆ
ಇಬ್ಬರೂ ಉಸಿರು ಬಿಗಿಹಿಡಿದೆವು,
ಮೂವತ್ತು ಸಲವೂ, ನಾಚಿಕೆಯಿಲ್ಲದೆ.

ಒಣಗಿದ ಮೇಲೆ ಅವಳ ಸರದಿ.
ತುಕ್ಕಿನ ಪುಡಿ ಅಂಟಿನಲ್ಲಿ ಕಲಸಿ, ಒಂದು ಬೆರಳಗಲ;
ಆಮೇಲೆ ಸೂಜಿ ಹಿಡಿದು, ಖಾಲಿಯ ಅಡ್ಡಕ್ಕೆ
ಕೆಂಪು ನೂಲಿನ ಏಳು ಹೊಲಿಗೆ. ಎಂಟಾಗಬಾರದು.
ನೂಲು ಇದೇ ಗಿರಣಿಯದು. ಅವಳ ತಾಯಿ
ರಾತ್ರಿಪಾಳಿ ಮುಗಿಸಿ, ಕಾಲುಚೀಲದೊಳಗೆ ತುರುಕಿ ತಂದದ್ದು.
‘ಕದ್ದದ್ದಲ್ಲವೇ, ಅದಕ್ಕೇ ಬಣ್ಣ ಬಿಟ್ಟುಕೊಟ್ಟಿಲ್ಲ’ ಎಂದು ನಕ್ಕಳು.

ಹತ್ತೊಂಬತ್ತನೆಯದರಲ್ಲಿ ಸೂಜಿ ಜಾರಿತು.
ಒಂದು ಹನಿ, ಬೂದಿಯ ಅಂಚಿಗೆ.
ಹರಿದು ಹಾಕಲು ನಾನು ಕೈ ಚಾಚಿದೆ, ಅದು ಪದ್ಧತಿ.
ಅವಳು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು
ಪೆನ್ಸಿಲಿನಲ್ಲಿ ಬರೆದಳು: ಮೂವತ್ತರಲ್ಲಿ ಹತ್ತೊಂಬತ್ತು.
ಗ್ಯಾಲರಿಯ ಹುಡುಗ ಪಟ್ಟಿಗೆ ಇಳಿಸಿಕೊಂಡ:
ಲೋಹದಚ್ಚು, ತುಕ್ಕು, ಹತ್ತಿಯ ನೂಲು.
ಉಳಿದದ್ದನ್ನು ನಾವು ಹೇಳಲಿಲ್ಲ.
ವಾರದೊಳಗೆ ಅದೂ ಕಂದಿ, ತುಕ್ಕಿನ ಜಾತಿಗೇ ಸೇರಿತು.

ಬರ್ಲಿನ್ನಿಗೆ ಹೋದವು ಹನ್ನೆರಡು, ಬ್ಯಾಂಕಿನ ಗೋಡೆಗೆ ನಾಲ್ಕು.
ಇದನ್ನು ಕೊಂಡವಳು ಟ್ರಾಮು ನಡೆಸುವ ಓತಿಲಿಯಾ,
ಆರು ಕಂತಿನಲ್ಲಿ. ಸಮವಸ್ತ್ರದಲ್ಲೇ ನಿಂತು ಕೇಳಿದಳು:
‘ಈ ಚುಕ್ಕೆ ಬೇರೆಯವುಗಳಲ್ಲಿ ಇಲ್ಲವಲ್ಲ,
ತಪ್ಪೋ, ಬೇಕೆಂದೇ ಇಟ್ಟದ್ದೋ?’
‘ನಿಮ್ಮ ಮನೆಯಲ್ಲಿ ಅದು ಏನಾಯಿತೆಂದು
ಕೊನೆಯ ಕಂತಿನ ದಿನ ಹೇಳಿ’ ಎಂದಳು ಬೋಗ್ನಾ.
ಓತಿಲಿಯಾ ಇನ್ನೂ ಒಂದು ಕಂತು ಉಳಿಸಿಕೊಂಡಿದ್ದಾಳೆ.

ಕರಾರಿನ ಪ್ರಕಾರ, ಮೂವತ್ತಾದ ಮೇಲೆ ತಗಡು ಸಾಯಬೇಕು.
ಮೊಳೆಯನ್ನು ನನ್ನ ಕೈಗಿಟ್ಟು ಅವಳು ಕಿಟಕಿಯತ್ತ ತಿರುಗಿದಳು.
ಮೂಲೆಯಿಂದ ಮೂಲೆಗೆ ಒಂದು ಗೀರು ಎಳೆದೆ.
ಇನ್ನೊಂದು ಎಳೆಯಬೇಕಿತ್ತು.
ಫೋನು ಬಂತೆಂದು ಸುಳ್ಳು ಹೇಳಿ ಎದ್ದೆ.

ಈಗ ಅದು ನನ್ನ ಕೆಟಲಿನಡಿ.
ಒದ್ದೆ ಲೋಟದ ಉಂಗುರಗಳು ಸತುವನ್ನು
ಮೆಲ್ಲಗೆ, ಬೆಳ್ಳಗೆ ತಿನ್ನುತ್ತಿವೆ.
ಕೆಲವು ಸಂಜೆ ಬೋಗ್ನಾ ಬಂದು, ಕೋಟೂ ಬಿಚ್ಚದೆ,
ನನ್ನ ಲೋಟವನ್ನೆತ್ತಿ ಎರಡು ಬೆರಳು ಎಡಕ್ಕಿಡುತ್ತಾಳೆ.
‘ಇಲ್ಲಿ’ ಎನ್ನುತ್ತಾಳೆ.
ಏನಿದು ಎಂದು ನಾನು ಕೇಳುವುದಿಲ್ಲ.