ಲೆಕ್ಕದ ಬುಕ್ಕಿನ ಹಿಂಬದಿ

ಮುಂದಿನಿಂದ ತೆರೆದರೆ ಗೂಡಿನ ಲೆಕ್ಕ:
ಲಾಟು, ಕೇಜಿ, ರೇಟು, ಸೌದೆ, ಕೂಲಿ.
ಹಿಂದಿನಿಂದ ತೆರೆದರೆ ಚಿಟ್ಟೆ.
ಎರಡೂ ನನ್ನದೇ ಕೈಬರಹ.
ನಡುವೆ ಎಂಟು ಹಾಳೆ ಇನ್ನೂ ಖಾಲಿ,
ಎಲ್ಲಿ ಡಿಕ್ಕಿ ಹೊಡೆಯುತ್ತವೋ ನೋಡಬೇಕು.

ಶಿಡ್ಲಘಟ್ಟದಲ್ಲಿ ಹುಟ್ಟಿದವನಿಗೆ
ಪ್ಯೂಪದ ವಾಸನೆ ವಾಸನೆಯಲ್ಲ.
ಹೊರಗಿನವರು ಮೂಗು ಮುಚ್ಚಿದಾಗಲೇ
ನಮಗೂ ನೆನಪಾಗುವುದು.
ಅಬ್ಬಾ ಬಿಚ್ಚಿದರು, ನಾನು ಬಿಚ್ಚುತ್ತೇನೆ:
ಕುದಿನೀರಲ್ಲಿ ಗೂಡು ತೇಲಿಸಿ, ಕುಂಚದಲ್ಲಿ ಸವರಿ,
ಎಳೆಯ ತುದಿ ಸಿಕ್ಕರೆ ಸಾಕು,
ಅರ್ಧ ಮೈಲಿ ತಾನಾಗಿ ಬರುತ್ತದೆ.
ಕೊನೆಗೆ ತಳದಲ್ಲಿ ಉಳಿಯುವುದು ಕಂದು ಕಡಲೆಯಂಥದ್ದು.
ಅದಕ್ಕೂ ಗಿರಾಕಿ ಇದ್ದಾರೆ.

ಕ್ಯಾಮೆರಾ ಪಿಳ್ಳಪ್ಪನದು.
ಸ್ಟುಡಿಯೋ ಮುಚ್ಚಿ ಜೆರಾಕ್ಸ್ ಇಟ್ಟ ವರ್ಷ
ಹಳೇ ಬಾಕಿಗೆ ಬದಲು ಕೊಟ್ಟ.
"ಮುನ್ನೂರು ಮದುವೆ ನೋಡಿದೆ ಇದು, ಸಾಬ್ರೇ,
ಇನ್ನಾದರೂ ಹಲ್ಲು ಕಿರಿಯದವರನ್ನು ತೋರಿಸಿ."
ಲೆನ್ಸಿನ ಅಂಚಿಗೆ ಬೂಷ್ಟು.
ಹಾಗಾಗಿ ನನ್ನ ಎಲ್ಲ ಚಿಟ್ಟೆಗಳಿಗೂ
ಎಡಮೂಲೆಯಲ್ಲಿ ಒಂದೇ ಮೋಡ.

ಹಿತ್ತಿಲ ಮೋರಿಯ ಬಾಯಲ್ಲಿ, ಬೇಸಿನ್ನಿನ ನೀರಿಂಗಿ
ಮಣ್ಣು ಉಪ್ಪುಗಟ್ಟಿದ ಕಡೆ,
ಹತ್ತೂವರೆ ಬಿಸಿಲಿಗೆ ಬಂದು ಕೂರುತ್ತವೆ
ಹಳದಿಯವು, ಎಂಟೊಂಬತ್ತು,
ಜುಮ್ಮಾದ ಸಾಲಿನಂತೆ ಒಂದೇ ದಿಕ್ಕಿಗೆ ಮುಖ.
ನಿಂಬೆ ಚಿಟ್ಟೆಗೆ ಮಾತ್ರ ಪುರುಸೊತ್ತಿಲ್ಲ,
ರೆಕ್ಕೆ ಬಡಿಯುತ್ತಲೇ ಕುಡಿಯುತ್ತದೆ.
ಕುಡಿಯುವುದು ಯಾರ ಉಪ್ಪು, ಅವಕ್ಕೆ ಗೊತ್ತಿಲ್ಲ.
ಗೊತ್ತಿರುವವನು ಮೊಣಕಾಲೂರಿ,
ತನ್ನ ನೆರಳನ್ನು ಹಿಂದಕ್ಕೆ ಎಳೆದುಕೊಂಡು,
ಬಟನ್ ಒತ್ತುತ್ತಾನೆ.

ಬಾಯ್ಲರ್ ಗೋಡೆಯ ಹಿಂದೆ ಎಕ್ಕದ ಗಿಡ.
ಎಲೆಯ ಬೆನ್ನಿಗೆ ಪಟ್ಟೆ ಹುಳ, ಕಪ್ಪು ಬಿಳಿ ಹಳದಿ.
ಕೆಲಸದ ನಾಗವೇಣಿ ನೋಡಿ ನಕ್ಕಳು:
"ಪಾಪ, ಇದಕ್ಕೆ ಸೊಪ್ಪು ಹಾಕೋರು ಯಾರೂ ಇಲ್ವಾ?"
ಇಲ್ಲ. ತಟ್ಟೆಯಿಲ್ಲ, ಚಂದ್ರಿಕೆಯಿಲ್ಲ,
ನಾಲ್ಕನೇ ಜ್ವರಕ್ಕೆ ಕಾವಲು ಕೂರುವ ಹೆಂಗಸಿಲ್ಲ.
ಒಂದು ಬೆಳಿಗ್ಗೆ ತಲೆಕೆಳಗಾಗಿ ಜೋತು
ಹಸಿರು ಜುಮುಕಿಯಾಗಿತ್ತು, ಚಿನ್ನದ ಚುಕ್ಕಿ ಸಮೇತ.
ಎಳೆಯ ತುದಿಗೆ ನನ್ನ ಬೆರಳು ತಾನೇ ತಡಕಾಡಿತು.
ಎಳೆಯೇ ಇಲ್ಲ.
ಬಿಚ್ಚಲು ಏನೂ ಇಲ್ಲದ ಗೂಡು.

ಫಜರ್ ಮುಗಿಸಿ ದಿನಾ ಸ್ಟೂಲು ಹಾಕಿ ಕೂತೆ.
ಒಂಬತ್ತನೇ ಸಂಜೆ ಹಸಿರು ಕರಗಿ
ಒಳಗಿನ ಕಿತ್ತಳೆ ಕಂಡಿತು,
ಗಾಜಿನ ಡಬ್ಬಿಯಲ್ಲಿ ಮಡಚಿಟ್ಟ ಸೆರಗು.
ನಾಳೆ ಅಂದುಕೊಂಡೆ.
ನಾಳೆ ಬೆಳಗಾಗುವಾಗ ಮಾರುಕಟ್ಟೆಯಿಂದ ಫೋನು:
ವಿಜಯಪುರದ ಕಡೆಯ ಒಳ್ಳೇ ಲಾಟು, ಬೇಗ ಬಾ.
ಹೋದೆ. ಹನ್ನೆರಡು ರೂಪಾಯಿಗೆ ಕೈತಪ್ಪಿತು.
ಮರಳಿದಾಗ ಎಕ್ಕದಲ್ಲಿ
ಬರೀ ಸಿಪ್ಪೆ, ಗಾಳಿಗೆ ತಿರುಗುತ್ತ.

ತೂತು ಬಿದ್ದ ಗೂಡು ನಮಗೆ ಹೊಸದಲ್ಲ:
ಎಳೆ ತುಂಡು, ಬೆಲೆಯಿಲ್ಲ, ಪಕ್ಕಕ್ಕೆ ಎಸೆ.
ಮೂವತ್ತು ವರ್ಷ ಪಕ್ಕಕ್ಕೆ ಎಸೆದವನು
ಅಂದು ಆ ತೂತಿಗೆ ಫೋಕಸ್ ಕೂರಿಸುತ್ತ
ಊಟ ಮರೆತೆ.

ಪಟ ನೋಡಿ ಮೆಹರುನ್ನೀಸಾ ಕೇಳಿದಳು, "ಚಿಟ್ಟೆ ಎಲ್ಲಿ?"
ಎಡಮೂಲೆಯ ಮೋಡ ತೋರಿಸಿದೆ.
ನಂಬಲಿಲ್ಲ. ಆದರೂ ಕನ್ನಡಕ ಹಾಕಿಕೊಂಡು
ಇನ್ನೊಮ್ಮೆ ನೋಡಿದಳು.

ಬುಕ್ಕು ತಿರುಗಿಸಿ ಬರೆದೆ: ಹುಲಿ ಚಿಟ್ಟೆ, ಒಂದು.
ತೂಕದ ಕೆಳಗೆ ಗೆರೆ.
ರೇಟಿನ ಕೆಳಗೆ ಪೆನ್ನು ನಿಂತೇ ಇತ್ತು,
ಒಳಗಿನಿಂದ ನಾಗವೇಣಿ ಕೂಗಿದಳು,
"ಅಣ್ಣಾ, ನೀರು ಕುದೀತಾ ಇದೆ."