ಬೇರು ಮೇಲಾಗಿ

ಭಾನುವಾರ ಆರೂವರೆಗೆ ಜೋಗಿಮಟ್ಟಿಯ ಗೇಟು.
ಫ್ಲಾಸ್ಕಿನಲ್ಲಿ ಟೀ, ಗೋಣಿಚೀಲದಲ್ಲಿ ಮಚ್ಚು, ಗುದ್ದಲಿ.
ಮಗನ ಹಳೇ ಕ್ರಿಕೆಟ್ ಗ್ಲೌಸು ನನ್ನ ಕೈಗೆ.
ಸ್ಟೌ ರಿಪೇರಿಯ ಮುಕ್ತಿಯಾರ್,
ನರ್ಸಿಂಗ್ ಓದುವ ಮೂರು ಹುಡುಗಿಯರು,
ನಿವೃತ್ತಿಗೆ ಎರಡು ತಿಂಗಳಿರುವ ಡ್ರಾಯಿಂಗ್ ಮೇಷ್ಟ್ರು,
ಕೋರ್ಟಿನೆದುರು ಜೆರಾಕ್ಸ್ ಅಂಗಡಿಯ ನಾನು.

ವಾಚರ್ ಗಾದ್ರೆಪ್ಪ ಕುಕ್ಕರಗಾಲಲ್ಲಿ ಕೂತು
ಕಲಿಸುತ್ತಾನೆ, ಪ್ರತಿ ವಾರವೂ ಮೊದಲ ಸಲದಂತೆ:
ಕೊಂಬೆ ಕಡಿದರೆ ಅದಕ್ಕೆ ಕ್ಷೌರ ಅಷ್ಟೆ,
ಮುಂದಿನ ಮಳೆಗೆ ಇಮ್ಮಡಿ.
ಮಣ್ಣು ಸರಿಸಿ, ಬುಡದ ಗಂಟಿಗಿಂತ
ನಾಲ್ಕು ಬೆರಳು ಕೆಳಗೆ ಕೊಡು ಏಟು.
ಕಿತ್ತದ್ದನ್ನು ಮಲಗಿಸಬೇಡ,
ನೆಲ ಮುಟ್ಟಿದ ಕಡೆಯೆಲ್ಲ ಬೇರು ಬಿಡ್ತದೆ ಬಡ್ಡಿಮಗಂದು.
ಬೇರು ಮೇಲೆ ಮಾಡಿ ನಿಲ್ಲಿಸು.

ಲಂಟಾನ.
ಚಿಕ್ಕವಳಿದ್ದಾಗ ಇದರ ಹೂವಿನ ಬುಡ ಚೀಪಿದ್ದೇನೆ,
ಕಪ್ಪು ಹಣ್ಣು ತಿಂದು ನಾಲಿಗೆ ತೋರಿಸಿದ್ದೇನೆ.
ಒಂದೇ ಗೊಂಚಲಲ್ಲಿ ಹಳದಿ, ಕಿತ್ತಳೆ, ಗುಲಾಬಿ.
ದೇವರಿಗೆ ಮಾತ್ರ ಏರಿಸುತ್ತಿರಲಿಲ್ಲ ಅಮ್ಮ,
ಯಾಕೆಂದರೆ ‘ವಾಸನೆ’ ಎನ್ನುತ್ತಿದ್ದಳು.
ಈಗ ಆ ವಾಸನೆ ಬುಧವಾರದ ತನಕ ನನ್ನ ಅನ್ನದಲ್ಲಿ.
ಪೊದೆಯೊಳಗೆ ಹಗಲಲ್ಲೇ ಕತ್ತಲು.
ಈ ಬಂಡೆಯಿಂದ ಆಚೆ ಗಾಳಿಯಂತ್ರದ ಕಾಲಿನವರೆಗೆ
ಒಂದೇ ಹಾಳೆ,
ಯಾರೋ ಬಟನ್ ಒತ್ತಿ ಊಟಕ್ಕೆ ಹೋಗಿಬಿಟ್ಟ ಹಾಗೆ
ಪ್ರತಿಯ ಮೇಲೆ ಪ್ರತಿಯ ಮೇಲೆ ಪ್ರತಿ.

ಟೀ ಹೊತ್ತಿಗೆ ಮುಕ್ತಿಯಾರ್, ಅಂಗೈಯ ಮುಳ್ಳು ಕೀಳುತ್ತ,
ಯಾರ ಕಡೆಗೂ ನೋಡದೆ ಕೇಳಿದ:
‘ಹೊರಗಿಂದ ಬಂದು ಇನ್ನೂರು ವರ್ಷ ಆಯ್ತಂತಲ್ಲ,
ಇನ್ನೆಷ್ಟು ಕಳೆದರೆ ಇಲ್ಲಿಯದು ಅಂತಾರೆ?’
ಮೇಷ್ಟ್ರು ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದರು.
ಗಾದ್ರೆಪ್ಪ ಚರಟ ಚೆಲ್ಲಿದ.
‘ಹುಣಸೆನೂ ಹೊರಗಿಂದ್ಲೇ ಬಂದಿದ್ದಂತೆ ಸಾಬ್ರೆ.
ಅದು ದೆವ್ವಕ್ಕೂ ಜಾಗ ಕೊಡ್ತದೆ.
ಇದು ಹುಲ್ಲಿಗೂ ಕೊಡಲ್ಲ.’
ಮುಕ್ತಿಯಾರ್ ನಕ್ಕ. ಪೂರ್ತಿ ನಕ್ಕನೋ ಇಲ್ಲವೋ,
ನಾನು ನೋಡುವಷ್ಟರಲ್ಲಿ ಎದ್ದು ಗುದ್ದಲಿ ಹಿಡಿದಿದ್ದ.

ಒಂದು ಪೊದೆ ಹಾಗೇ ಬಿಟ್ಟೆವು, ಒಳಗೆ ಪಿಕಳಾರದ ಗೂಡು.
‘ಬಾಡಿಗೆಯವರಿದ್ದಾರೆ, ಆಷಾಢದವರೆಗೆ ತಡೆಯಾಜ್ಞೆ’ ಅಂದೆ.
ಹುಡುಗಿಯರು ಮಾತ್ರ ನಕ್ಕರು.

ಹನ್ನೊಂದಕ್ಕೆ ಎಣಿಸಿದರೆ ಮೂವತ್ತೆಂಟು,
ಬೇರು ಆಕಾಶಕ್ಕೆ, ತಲೆ ಮಣ್ಣಿಗೆ.
ಗೇಟಿನಿಂದ ತಿರುಗಿ ಗುಡ್ಡ ನೋಡಿದೆ.
ಮೂವತ್ತೆಂಟು ಎಲ್ಲಿಯೂ ಕಾಣಲಿಲ್ಲ.

ಕೃತ್ತಿಕೆ ಮಳೆ ಕಳೆದ ಮೇಲೆ ಅದೇ ಜಾಗ.
ಲಂಟಾನದ ಸಸಿಗಳೇ ಮೊದಲು, ಎರಡು ಬೆರಳಲ್ಲಿ ಕೀಳುವಷ್ಟು.
ನಡುನಡುವೆ ಬಾದೆ ಹುಲ್ಲು, ಬಂದರೆಯ ಎರಡು ಕುಡಿ,
ಮತ್ತೆ ಇನ್ನೊಂದು, ಗಾದ್ರೆಪ್ಪನಿಗೂ ಹೆಸರು ಬಾರದ್ದು.
ಒಂದೆಲೆ ತಂದೆ, ಬಿಲ್ ಪುಸ್ತಕದೊಳಗಿಟ್ಟು.

ಶುಕ್ರವಾರ, ವಕಾಲತ್ತು ಪಹಣಿ ಆಧಾರುಗಳ ನಡುವೆ
ನೆನಪಾಗಿ ಗಾಜಿನ ಮೇಲಿಟ್ಟೆ.
ಬೆಳಕು ಹಾದು ಹೋಯಿತು. ನರ ನರವೂ ಮೂಡಿ ಬಂತು,
ಹುಳ ತಿಂದ ತೂತು ಕೂಡ.
ಎತ್ತುವಾಗ ಎಲೆ ಪುಡಿಯಾಯಿತು.

ಅಂಗಡಿ ಮುಂದೆ ಪೊರಕೆ ಮಾರುವ ಪಾಲಮ್ಮ
ಆ ಗುಡ್ಡವನ್ನು ಪೊದೆ ಮುಚ್ಚುವ ಮೊದಲು ಹತ್ತಿದವಳು.
ಹಾಳೆ ಕೊಟ್ಟೆ. ನೋಡಲಿಲ್ಲ,
ಮೂಗಿಗೆ ಹಿಡಿದಳು, ಈ ಮಗ್ಗುಲು, ಆ ಮಗ್ಗುಲು.
‘ಬೆಚ್ಚಗೈತೆ,’ ಅಂದಳು. ‘ವಾಸ್ನೆ ಇಲ್ಲ.
ಹೆಂಗ್ ಹೇಳ್ಲವ್ವ?’