ಇಲ್ಲಿನ ರೇಟು

ಎಸ್ಸೆಸ್ ಪುರಂ ಅಂದರೆ ಸಾಕು,
ಆಟೋದವನು ಹತ್ತು ರೂಪಾಯಿ ಸೇರಿಸಿ ಹೇಳುತ್ತಾನೆ.
ಆಮೇಲೆ ನನ್ನ ಚಪ್ಪಲಿ ನೋಡಿ
"ಕೆಲಸಕ್ಕಾ ಅಕ್ಕಾ?" ಅನ್ನುತ್ತಾನೆ.
ಮನೆಗೆ, ಅನ್ನುತ್ತೇನೆ.
ಅಷ್ಟು ಹೇಳುವಾಗ ದನಿ ಒಂದು ಮೆಟ್ಟಿಲು ಹತ್ತುತ್ತದೆ.

ಮೆಟ್ಟಿಲು ಅಸಲಿಗೆ ಐವತ್ತೊಂದು.
ಮೂರನೇ ಮಹಡಿ, ನೀರಿನ ಟ್ಯಾಂಕಿನ ಪಕ್ಕ,
ಓನರು ಬಟ್ಟೆ ಒಣಗಿಸಲೆಂದು ಕಟ್ಟಿಸಿ
ಮನಸ್ಸು ಬದಲಿಸಿ ಬಾಡಿಗೆಗೆ ಬಿಟ್ಟ ಒಂದೂವರೆ ಕೋಣೆ.

ಮರಳೂರು ದಿಣ್ಣೆಯಲ್ಲಿ ಇದರ ಅರ್ಧ ದುಡ್ಡಿಗೆ
ಎರಡು ರೂಮು, ಹಿತ್ತಲು, ಒಂದು ಕರಿಬೇವಿನ ಗಿಡ,
ಬೈಕು ನಿಲ್ಲಿಸಲು ಜಾಗ, ಜಗಳ ಆಡಲು ಜಾಗ.
"ಏನು ಕಂಡು ಹೋದ್ರಿ ಅಲ್ಲಿಗೆ?"
ಅತ್ತಿಗೆ ಇವತ್ತಿಗೂ ಕೇಳುತ್ತಾಳೆ.
ಮಗಳ ಸ್ಕೂಲು ಹತ್ತಿರ, ಅನ್ನುತ್ತೇನೆ.
ನಿಜ. ಆದರೆ ಅಷ್ಟೇ ನಿಜ ಅಲ್ಲ.
ಅಡ್ಮಿಷನ್ ಫಾರಮ್ಮಿನಲ್ಲಿ ವಿಳಾಸ ಅಂತ ಒಂದು ಸಾಲು ಇರುತ್ತದಲ್ಲ,
ಅಲ್ಲಿ ಬಂದಾಗ ಪೆನ್ನು ಒಂದು ಗಳಿಗೆ ನಿಲ್ಲುತ್ತಿತ್ತು ನನಗೆ.
ಈಗ ನಿಲ್ಲುವುದಿಲ್ಲ.
ನಿಲ್ಲದೆ ಇರುವುದಕ್ಕೆ ತಿಂಗಳಿಗೆ ನಾಲ್ಕು ಸಾವಿರ ಜಾಸ್ತಿ.

ಎಷ್ಟೋ ಕಲಿತಿದ್ದೇನೆ.
ಒಗ್ಗರಣೆ ಹಾಕುವಾಗ ಕಿಟಕಿ ಮುಚ್ಚುವುದು.
ಫೋನಿನಲ್ಲಿ ತವರಿನವರ ಜೊತೆ ಬಾಯಿಗೆ ಕೈ ಅಡ್ಡ ಇಟ್ಟು ಮಾತಾಡುವುದು.
ಹಾಲಿನ ಕವರು ತೊಳೆದು ಗ್ರಿಲ್ಲಿಗೆ ಸಿಕ್ಕಿಸದಿರುವುದು,
ಅದೊಂದು ಆಗಿಲ್ಲ.
ರಾತ್ರಿ ಹಾಕಿ, ಬೆಳಕು ಹರಿಯುವ ಮುಂಚೆ ತೆಗೆಯುತ್ತೇನೆ.
ಕೆಳಮನೆಯ ಅನಸೂಯಾ ಮೇಡಮ್ಮು
"ನಿಮ್ಮೆಜಮಾನ್ರು ಎಲ್ಲಿ ಕೆಲಸ?" ಎಂದರೆ
ಅಂತರಸನಹಳ್ಳಿ, ಅನ್ನುವುದು.
ಅವರೇ "ಓ, ಇಂಡಸ್ಟ್ರಿಯಲ್ ಏರಿಯಾ" ಅಂದುಕೊಳ್ಳಲು ಬಿಡುವುದು.
ತರಕಾರಿ ಮಂಡಿಯಲ್ಲಿ ಚೀಟಿ ಬರೆಯುತ್ತಾರೆ ಅನ್ನುವ ಮೊದಲೇ
ಕುಕ್ಕರು ಕೂಗಿತು ಅಂತ ಮೇಲಕ್ಕೆ ಓಡುವುದು.

ಇವತ್ತು ಗಾಡಿ ತಳ್ಳಿಕೊಂಡು ಬಂದವಳು ಸಂಜೀವಮ್ಮ.
ದಿಣ್ಣೆಯಲ್ಲಿ ನಮ್ಮ ಗೋಡೆಯ ಆಚೆಯವಳು,
ನನಗೆ ನೋವು ಬಂದ ರಾತ್ರಿ ಆಟೋ ಹುಡುಕಿ ತಂದವಳು.
"ಅಯ್ಯೋ ಗಿರಿಜಾ, ಇದೇನಾ ನಿಮ್ಮನೆ?"
ಇಡೀ ಕ್ರಾಸಿಗೆ ಕೇಳುವ ಹಾಗೆ.
ಅನಸೂಯಾ ಮೇಡಮ್ಮು ಬೀನ್ಸು ಮುರಿದು ನೋಡುತ್ತಿದ್ದರು.
"ಕಾಲು ಕೆಜಿ ಮೂವತ್ತು" ಎಂದಳು ಅವರಿಗೆ.
ನನ್ನ ಚೀಲಕ್ಕೆ ಸುರಿಯುತ್ತಾ
"ನೀನು ಹದಿನೆಂಟು ಕೊಡು" ಎಂದಳು.
ಗುಟ್ಟು ಅಂದುಕೊಂಡೇ ಹೇಳಿದಳು, ಪಾಪ.
ಬೀದಿಯಲ್ಲಿ ಕೂಗಿ ಕೂಗಿ ದೊಡ್ಡದಾದ ಗಂಟಲು ಅದು.

ಹದಿನೆಂಟು.
ಆ ಒಂದು ಮಾತಿನಲ್ಲಿ ದಿಣ್ಣೆ ಪೂರ್ತಿ ಬಂದು ಗೇಟಿನ ಮುಂದೆ ನಿಂತಿತು,
ನಲ್ಲಿಯ ಸಾಲು, ಸೊಟ್ಟ ಕೊಡ,
ಉಪ್ಪಿಗೆಂದು ಗೋಡೆಯ ಮೇಲಿಂದ ಚಾಚಿದ ಬಟ್ಟಲು.
ಮೇಡಮ್ಮಿನ ಕೈಯಲ್ಲಿ ಬೀನ್ಸು ಮುರಿಯದೆ ಹಾಗೇ ಬಾಗಿತ್ತು.

ನಾನು ಮೂವತ್ತು ಎಣಿಸಿದೆ.
"ಇಲ್ಲಿನ ರೇಟೇ ತಗೋ" ಅಂದೆ.

ಸಂಜೀವಮ್ಮ ನೋಟು ನೋಡಿದಳು, ನನ್ನನ್ನು ನೋಡಿದಳು,
ನೋಟನ್ನು ಕಣ್ಣಿಗೊತ್ತಿಕೊಂಡು ಸೆರಗಿನಲ್ಲಿ ಗಂಟು ಹಾಕಿದಳು.
"ಆಗಲಿ ಅಮ್ಮಾ" ಅಂದಳು.
ಗಿರಿಜಾ ಅನ್ನಲಿಲ್ಲ.

ರಾತ್ರಿ ಇವರು ಹುಳಿ ಕಲಸುತ್ತಾ,
"ಬೆಳಿಗ್ಗೆ ನಾನೇ ಬರೆದ ಚೀಟಿ, ಹತ್ತು ಕೆಜಿಗೆ ಐನೂರು.
ನಿಂಗೆ ಎಷ್ಟಕ್ಕೆ ಹಾಕಿದರು?"
ಹದಿನೆಂಟು, ಅಂದೆ. ಸಂಜೀವಮ್ಮ.
ಅವರ ಮುಖ ಅರಳಿತು.
"ನೋಡು, ಮರೆತಿಲ್ಲ ಅವಳು.
ನಾಳೆ ಐದಕ್ಕೆ ಮಂಡಿಗೆ ಬರ್ತಾಳಲ್ಲ,
ಒಂದು ಮಾತು ಹೇಳ್ತೀನಿ."

ಕವರು ತೊಳೆದು ಹೊರಗೆ ಬಂದೆ.
ಟ್ಯಾಂಕಿನ ಪಕ್ಕ ನಿಂತರೆ ದಿಣ್ಣೆಯ ದೀಪಗಳು ಕಾಣುತ್ತವೆ.
ಬಂದ ಹೊಸದರಲ್ಲಿ ಮಗಳು ಬೆರಳಿಟ್ಟು ಹುಡುಕುತ್ತಿದ್ದಳು,
ನಮ್ಮದು ಯಾವುದು, ನಮ್ಮದು ಯಾವುದು ಅಂತ.
ಐದಕ್ಕೆ ಇನ್ನೂ ಏಳು ಗಂಟೆ ಇದೆ.
ಕವರನ್ನು ಗ್ರಿಲ್ಲಿಗೆ ಸಿಕ್ಕಿಸಿದೆ,
ಬೀದಿಯ ಕಡೆಗೇ.